ಒಲಿದವನಿಗೆ ಯಾವ ಹೆಸರು?

ಕೆಲವು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಅಕ್ಕಮಹಾದೇವಿಯ ವಚನವೊಂದನ್ನು ಬೋಧಿಸುತ್ತಿದ್ದೆನು. ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ವರಿಸಿದ ಆ ಶರಣೆಯ ಭಾವವನ್ನು ವಿವರಿಸುತ್ತಿರುವಾಗ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಸ್ವೀಟ್‌ಹಾರ್ಟ್, ಡಾರ್ಲಿಂಗ್, ಲವರ್ ಎಲ್ಲಕ್ಕೂ ಅರ್ಥ ಒಂದೇನಾ? ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ ಇವುಗಳಲ್ಲಿ ಯಾವುದು ಸಾರ್?” ಎಂದು ಕೇಳಿದನು. ತರಗತಿ ಗೊಳ್ಳೆಂದು ನಕ್ಕಿತು. “ಅಧಿಕಪ್ರಸಂಗ ಸಾಕು, ಕೂತುಕೋ” ಎಂದು ಗದರಿದೆನು. ಅವನು ಕುಳಿತನು, ಆ ವರ್ಷ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಅಮರಕೋಶವನ್ನು ಬಾಯಿಪಾಠ ಮಾಡಿ ವಿದ್ವತ್ ಪರೀಕ್ಷೆಗೆ ಕುಳಿತವನು ನಾನು. ದಯಿತ, ವಲ್ಲಭ, ಪ್ರಿಯ ಎಂಬ ಶಬ್ದಗಳು ನನಗೆ ಹೊಸವಲ್ಲ. ಆ ದಿನ ಶಬ್ದಕ್ಕೆ ನಾಚಿದವನು ಹುಡುಗನಲ್ಲ, ನಾನೇ. ಇದೇ ಜಯನಗರದಲ್ಲಿ ನೆಲೆಸಿ, 107 ವರ್ಷ ಬಾಳಿ 2021ರಲ್ಲಿ ನಮ್ಮನ್ನಗಲಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಸಂಶಯಗಳಿಗೆ ವರ್ಷಾನುಗಟ್ಟಲೆ ಉತ್ತರವಿತ್ತರು. ಅವರನ್ನು ನೆನೆದು ರಾತ್ರಿ ನಿಘಂಟನ್ನು ತೆರೆದೆನು.

‘ಸ್ವೀಟ್‌ಹಾರ್ಟ್’ ಎಂದರೆ ಸವಿಯಾದ ಹೃದಯ. ನಮ್ಮ ‘ಇನಿಯ’ನೂ ‘ಇನಿ’ ಎಂಬ ಸವಿಯಿಂದಲೇ ಹುಟ್ಟಿದವನು. ‘ಡಾರ್ಲಿಂಗ್’ ಎಂಬುದು ‘ಡಿಯರ್’ ಶಬ್ದದ ಕುಡಿ. ನಮ್ಮ ‘ಮುದ್ದು’ ಎಂಬಂತೆ ನಲ್ಲೆಗೂ ಸಲ್ಲುತ್ತದೆ, ತೊಟ್ಟಿಲ ಕೂಸಿಗೂ ಸಲ್ಲುತ್ತದೆ. ‘ಲವರ್’ ಒಲಿಯುವವನು, ‘ಬಿಲವೆಡ್’ ಒಲವಿಗೆ ಪಾತ್ರನಾದವನು. ‘ಮಿಸ್ಟ್ರೆಸ್’ ಎಂಬುದು ಒಂದು ಕಾಲಕ್ಕೆ ಇಂಗ್ಲಿಷ್ ಕವಿಗಳ ನಲ್ಲೆ. ಪ್ರಣಯದ ಮಾತಿನಲ್ಲಿ ಅದಕ್ಕೆ ಇಂದು ಹೀನಾರ್ಥ. ಆದರೆ ಅದೇ ಶಬ್ದ ‘ಹೆಡ್‌ಮಿಸ್ಟ್ರೆಸ್’ ಆದಾಗ ನಾವೆಲ್ಲ ಎದ್ದು ನಿಲ್ಲುತ್ತೇವೆ! ನಮ್ಮ ‘ನಲ್ಲ’ನಲ್ಲಿ ಒಳಿತು ಎಂಬರ್ಥದ ‘ನಲ್’ ಇದೆ. ಮೆಚ್ಚಿದವನು ಒಳ್ಳೆಯವನೂ ಆಗಿರಬೇಕೆಂಬುದು ಕನ್ನಡದ ಆಶಯವಿರಬೇಕು.

ಇವೆಲ್ಲಕ್ಕೂ ಮಿಗಿಲಾದುದು ‘ಒಲಿ’ ಎಂಬ ಧಾತು. ಹೆಣ್ಣು ಗಂಡಿಗೆ ಒಲಿದಳು ಎನ್ನುತ್ತೇವೆ. ಶಿವನು ಭಕ್ತನಿಗೆ ಒಲಿದನು ಎನ್ನುತ್ತೇವೆ. ವಿದ್ಯೆ ಒಲಿಯಿತು ಎಂದೂ ಎನ್ನುತ್ತೇವೆ. ಪ್ರೇಮಕ್ಕೊಂದು, ಕೃಪೆಗೊಂದು ಎಂದು ಇಂಗ್ಲಿಷ್ ಬೇರೆ ಬೇರೆ ಶಬ್ದಗಳನ್ನಿಟ್ಟುಕೊಂಡಿದೆ. ಕನ್ನಡಕ್ಕೆ ಎರಡೂ ಒಂದೇ ನೀರಿನ ಸೆಲೆ. ಶರಣಸತಿ ಲಿಂಗಪತಿ ಎಂಬ ತತ್ತ್ವವು ಈ ನೆಲದಲ್ಲಿ ಅಷ್ಟು ಸಹಜವಾಗಿ ಬೇರೂರಿದ್ದಕ್ಕೆ ಭಾಷೆಯ ಈ ಹದವೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಅಕ್ಕನು ನಾಚದೆ ಆಡಿದ ಮಾತಿಗೆ, ಅವಳ ವಚನವನ್ನು ಪಾಠ ಹೇಳುವ ನಾನು ನಾಚಿದೆನಲ್ಲಾ! ಆ ಹುಡುಗನು ಈಗ ನಮ್ಮ ಹಳೆಯ ವಿದ್ಯಾರ್ಥಿ. ಈ ಸಂಚಿಕೆ ಅವನ ಕೈಸೇರಿದರೆ, ಇದೇ ನನ್ನ ತಡವಾದ ಉತ್ತರ: ಅಪ್ಪಾ, ನೀನು ಹೇಳಿದ ಮೂರೂ ಅಲ್ಲ, ಅವನು ಅಕ್ಕನಿಗೆ ಒಲಿದವನು, ಅಕ್ಕ ಅವನಿಗೆ ಒಲಿದವಳು.