ತಗುಚಿಯೂ ನನ್ನ ಅಂಕಪಟ್ಟಿಯೂ

ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಮಗೆ ವ್ಯಾಖ್ಯಾನವಿಲ್ಲದೆಯೇ ಅರ್ಥವಾದ ಲೌಕಿಕನ್ಯಾಯವೆಂದರೆ ಸ್ಥಾಲೀಪುಲಾಕನ್ಯಾಯ. ಒಂದು ಅಗುಳನ್ನು ಹಿಸುಕಿ ನೋಡಿ ಪಾತ್ರೆಯ ಅನ್ನವೆಲ್ಲ ಬೆಂದಿತೆಂದು ತಿಳಿಯುವುದು. ಸರದಿಯ ಮೇಲೆ ಅಡಿಗೆಮನೆಯ ಕೆಲಸ ಮಾಡುತ್ತಿದ್ದ ಹುಡುಗರಿಗೆ ಅದನ್ನು ಬೇರೆ ಬಿಡಿಸಿ ಹೇಳಬೇಕೆ? ಆದರೆ ಒಲೆಯ ಉರಿ ಒಂದೇ ಮಗ್ಗುಲಿಗೆ ಬಿದ್ದರೆ ನಡುವಿನ ಅಗುಳು ಬೆಂದು ಅಂಚಿನದು ಗಟ್ಟಿಯಾಗಿಯೇ ಉಳಿಯುವುದಷ್ಟೆ. ಆಗ ಈ ನ್ಯಾಯದ ಗತಿಯೇನೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಅದನ್ನು ಕೇಳಿದವನೊಬ್ಬನ ವೃತ್ತಾಂತವನ್ನು ನಾನು ಅರುವತ್ತು ದಾಟಿದ ಮೇಲೆ, ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿರುವ ನಮ್ಮ ಅಳಿಯಂದಿರ ಬಾಯಿಂದ ಕೇಳಿದೆನು.

ಆತನ ಹೆಸರು ಗೆನಿಚಿ ತಗುಚಿ. ೧೯೨೪ರಲ್ಲಿ ಜಪಾನಿನ ನೀಗಾಟ ಪ್ರಾಂತದ ತೋಕಮಾಚಿ ಎಂಬ ನೆಯ್ಗೆಯ ಊರಿನಲ್ಲಿ ಹುಟ್ಟಿದನು. ಮನೆತನದ್ದು ಕಿಮೋನೋ ಉಡುಪಿನ ಉದ್ಯೋಗ. ಅದನ್ನೇ ಮುಂದುವರಿಸಬೇಕೆಂದು ಕಿರ್ಯೂ ಎಂಬಲ್ಲಿ ಜವಳಿಯ ಯಂತ್ರಶಾಸ್ತ್ರವನ್ನು ಓದಿದನು. ಅಷ್ಟರಲ್ಲಿ ಯುದ್ಧ ಬಂದಿತು. ೧೯೪೨ರಲ್ಲಿ ಆತನನ್ನು ನೌಕಾದಳಕ್ಕೆ ಸೇರಿಸಿಕೊಂಡು ಅದರ ನೌಯಾನ ಸಂಸ್ಥೆಯ ಖಗೋಲ ವಿಭಾಗದಲ್ಲಿ ಇರಿಸಿದರು. ನಕ್ಷತ್ರದ ಎತ್ತರವನ್ನಳೆದು ಹಡಗಿನ ಸ್ಥಾನವನ್ನು ಗಣಿಸುವ ವಿದ್ಯೆಯಲ್ಲಿ ಪ್ರತಿಯೊಂದು ಅಳತೆಯೂ ಅಷ್ಟಿಷ್ಟು ತಪ್ಪಿಯೇ ಇರುತ್ತದೆ. ಎಷ್ಟು ತಪ್ಪಿತೆಂಬುದೇ ಅಲ್ಲಿ ವಿಚಾರ. ಯುದ್ಧ ಮುಗಿದ ಮೇಲೆ ಆತನು ಮನೆಯ ಉದ್ಯೋಗಕ್ಕೆ ಹಿಂದಿರುಗಲಿಲ್ಲ. ಮಸುಯಾಮ ಎಂಬ ಸಂಖ್ಯಾಶಾಸ್ತ್ರಜ್ಞನ ಪ್ರಭಾವಕ್ಕೊಳಗಾಗಿ ಪ್ರಯೋಗಗಳನ್ನು ಯೋಜಿಸುವ ಕ್ರಮದಲ್ಲಿ ಆಸಕ್ತನಾದನು; ೧೯೫೦ರಲ್ಲಿ ದೂರವಾಣಿಯ ಸಂಶೋಧನಾಲಯವನ್ನು ಸೇರಿದನು.

೧೯೫೩ರ ಇನಾ ಟೈಲು ಕಾರ್ಖಾನೆಯ ಪ್ರಸಂಗವೇ ನನ್ನ ಮನಸ್ಸನ್ನು ಹಿಡಿದದ್ದು. ಗೂಡಿನಲ್ಲಿ ಒಟ್ಟಿದ ಟೈಲುಗಳಲ್ಲಿ ಹೊರಗಿನವಕ್ಕೆ ಒಂದು ಶಾಖ, ಒಳಗಿನವಕ್ಕೆ ಇನ್ನೊಂದು. ಅದರಿಂದ ಅಳತೆಯಲ್ಲಿ ಹೆಚ್ಚುಕಡಿಮೆ. ಗೂಡನ್ನೇ ಬದಲಿಸೋಣವೆಂದರೆ ಅಪಾರ ವೆಚ್ಚ. ಕೆಟ್ಟವನ್ನು ಆರಿಸಿ ಎಸೆಯುವುದು ಸಾಮಾನ್ಯರ ದಾರಿ. ತಗುಚಿಯ ಕ್ರಮವೇ ಬೇರೆ: ಶಾಖವು ತನ್ನಂತೆ ತಾನಿರಲಿ, ಅದರ ಏರಿಳಿತವನ್ನು ತಾಳಿಕೊಳ್ಳುವಂತೆ ಮಣ್ಣನ್ನು ಕಲಸೋಣ. ಸುಣ್ಣವೆಷ್ಟು, ಪುಡಿಯ ನಯವೆಷ್ಟು ಎಂದು ಮುಂತಾಗಿ ಏಳು ಅಂಶಗಳು, ಒಂದೊಂದಕ್ಕೂ ಎರಡೆರಡು ಪ್ರಮಾಣ. ಎಲ್ಲ ಬೆರಕೆಗಳನ್ನೂ ಸುಟ್ಟು ನೋಡುವುದಾದರೆ ೧೨೮ ಸಲ. ಸಮತೂಕವಾಗಿ ಹೆಣೆದ ಒಂದು ಕೋಷ್ಟಕದಿಂದ ಎಂಟೇ ಸಲದಲ್ಲಿ ಉತ್ತರ ದೊರೆಯಿತು: ಸುಣ್ಣವನ್ನು ನೂರಕ್ಕೆ ಒಂದರಿಂದ ಐದಕ್ಕೆ ಏರಿಸಬೇಕು. ಸುಣ್ಣವೋ ಅಗ್ಗದ ವಸ್ತು! ಗೂಡು ಇದ್ದಂತೆಯೇ ಇದ್ದಿತು; ಟೈಲುಗಳು ಸಮನಾದುವು.

ಈ ಬಗೆಯ ಕೋಷ್ಟಕಗಳ ಗಣಿತಕ್ಕೆ ೧೯೪೦ರ ದಶಕದಲ್ಲಿ ಕಲ್ಕತ್ತೆಯಲ್ಲಿ ತಳಹದಿ ಹಾಕಿದವರು ಸಿ. ಆರ್. ರಾವ್ ಅವರೆಂದು ತಿಳಿದಾಗ, ಅವರು ೧೯೨೦ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ ಎಂದು ಅಳಿಯಂದಿರಿಗೆ ಹೇಳುವ ಸರದಿ ನನ್ನದಾಯಿತು. ಅವರು ೨೦೨೩ರಲ್ಲಿ, ನೂರೆರಡು ತುಂಬಿದ ವಯಸ್ಸಿನಲ್ಲಿ ತೀರಿಕೊಂಡರು. ತಗುಚಿಯೂ ೧೯೫೪-೫೫ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಅತಿಥಿಯಾಗಿ ಬಂದಿದ್ದನು.

ಇಷ್ಟರವರೆಗೆ ಸಂತೋಷದಿಂದಲೇ ಕೇಳುತ್ತಿದ್ದೆನು. ಬಳಿಕ ಅಳಿಯಂದಿರು, “ಮಾವ, ತಗುಚಿಯ ಮುಖ್ಯವಾದ ಮಾತು ಇನ್ನೊಂದಿದೆ” ಎಂದರು. ಕಾರ್ಖಾನೆಗಳಲ್ಲಿ ಪ್ರತಿಯೊಂದು ಅಳತೆಗೂ ಒಂದು ಗೆರೆಯುಂಟು; ಅದರ ಒಳಗಿದ್ದರೆ ಒಳ್ಳೆಯದು, ಹೊರಗಿದ್ದರೆ ಕೆಟ್ಟದ್ದು. ತಗುಚಿ ಅದನ್ನೊಪ್ಪಲಿಲ್ಲ. ನಷ್ಟವು ಗೆರೆ ದಾಟಿದ ಕ್ಷಣದಲ್ಲಿ ಹುಟ್ಟುವುದಿಲ್ಲ. ಗುರಿಯಿಂದ ಸರಿದಲ್ಲಿಯೇ ಹುಟ್ಟಿ, ದೂರವು ಇಮ್ಮಡಿಯಾದರೆ ತಾನು ನಾಲ್ಮಡಿಯಾಗುತ್ತದೆ. ಗೆರೆಯ ಒಳಗೆ ಕೂದಲೆಳೆಯಷ್ಟಿರುವುದಕ್ಕೂ ಹೊರಗೆ ಕೂದಲೆಳೆಯಷ್ಟಿರುವುದಕ್ಕೂ ಹೇಳಿಕೊಳ್ಳುವಂಥ ಭೇದವಿಲ್ಲ.

ನನ್ನ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಬಹಳ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಒಬ್ಬ ಹುಡುಗನಿಗೆ ಸಂಸ್ಕೃತದಲ್ಲಿ ೩೪ ಅಂಕ ಬಂದಿತ್ತು. ತೇರ್ಗಡೆಗೆ ಆಗ ೩೫ ಬೇಕಾಗಿತ್ತು. ಹರಿಶಬ್ದದ ಷಷ್ಠೀವಿಭಕ್ತಿಯಲ್ಲಿ ‘ಹರೇಃ’ ಎಂದಿರಬೇಕಾದ ಕಡೆ ವಿಸರ್ಗವನ್ನು ಬಿಟ್ಟು ‘ಹರೇ’ ಎಂದು ಬರೆದಿದ್ದನು. ಹಾಗೆ ಬರೆದರೆ ಸಂಬೋಧನೆಯಾಗುತ್ತದೆ, ಒಂದಂಕ ಕಳೆದೆನು. ಸಹೋದ್ಯೋಗಿಯೊಬ್ಬರು, “ಉಳಿದ ವಿಷಯಗಳಲ್ಲೆಲ್ಲ ಆಗಿದೆ, ನೋಡಿ ಸ್ವಾಮಿ” ಎಂದರು. ಗೆರೆಯೆಂದರೆ ಗೆರೆ ಎಂದೆನು. ಆ ಉತ್ತರದ ವಿಷಯದಲ್ಲಿ ಬಹುಕಾಲ ಹೆಮ್ಮೆಯೂ ಇದ್ದಿತು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ತಂದೆ ಅವನನ್ನು ಮಂಡಿಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಹಚ್ಚಿದನು.

ನನ್ನ ಮುಖ ನೋಡಿ ಅಳಿಯಂದಿರು, ಅಂಕಗಳಿಗೆ ಆ ಸೂತ್ರ ಹಾಗೆಯೇ ಅನ್ವಯಿಸದು, ಹೆಚ್ಚಿದಷ್ಟೂ ಒಳ್ಳೆಯದೆನ್ನುವ ವಸ್ತುಗಳಿಗೆ ತಗುಚಿ ಬೇರೆ ಸೂತ್ರ ಹೇಳಿದ್ದಾನೆ ಎಂದು ಸಮಾಧಾನಪಡಿಸಿದರು. ಇರಬಹುದು. ನನಗೆ ಬೇಕಾದದ್ದು ಸೂತ್ರವಲ್ಲ. ಆ ರಾತ್ರಿ ಪೆಟ್ಟಿಗೆಯಿಂದ ಹಳೆಯ ಅಂಕಪಟ್ಟಿಯನ್ನು ತೆಗೆದು ನೋಡಿದೆನು. ಅದೇ ಪುಟದಲ್ಲಿ ೩೫ ಅಂಕ ಪಡೆದು ಮೇಲಿನ ತರಗತಿಗೆ ಹೋದ ಹುಡುಗನ ಹೆಸರಿದೆ. ಅವನ ಮುಖವು ನನಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮೂವತ್ತನಾಲ್ಕರವನನ್ನು ಮಾತ್ರ ಐದು ವರ್ಷದ ಕೆಳಗೆ ಮಂಡಿಯಲ್ಲಿ ಕಂಡಿದ್ದೆನು. ತಲೆ ನರೆತಿತ್ತು. “ಮೇಷ್ಟ್ರೇ, ಕೂತುಕೊಳ್ಳಿ” ಎಂದು ತೊಳೆದ ಗೋಣಿಯೊಂದನ್ನು ಹಾಸಿ, ಎದುರಿಗೆ ಕೈಕಟ್ಟಿ ನಿಂತನು. ಆ ಒಂದಂಕದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬರುವ ಸಂತೆಯ ದಿನ ಅಲ್ಲಿಗೆ ಇನ್ನೊಮ್ಮೆ ಹೋಗಬೇಕೆಂದಿದ್ದೇನೆ.