340 ಜೋಡಿ ಎತ್ತು

ತಗೊಳ್ಳೋದಿಲ್ಲ ಅಂದ್ರ ಮುಟ್ಟಬಾರದು. ನಮ್ಮ ಮನೆಯಲ್ಲಿ ಇದು ಬರೆಯದ ಕಾನೂನು. ದೀಪಾವಳಿಗೆ ಮುಶಿಗೇರಿಯಿಂದ ಗಜೇಂದ್ರಗಡಕ್ಕೆ ಅರಿವೆ ತರಲು ಹೋದರೆ ಅಪ್ಪ ಅಂಗಡಿಯ ಮೆಟ್ಟಿಲು ಹತ್ತುವಾಗಲೇ "ನೂರಾ ಐವತ್ತರ ಒಳಗಿನವಷ್ಟ ತಗೀರಿ" ಅಂದುಬಿಡುತ್ತಿದ್ದ. ಅದಕ್ಕಿಂತ ಹೆಚ್ಚಿನ ಅಂಗಿ ಕೈಯಿಂದ ಸವರಿ ನೋಡಿದರೂ ಕಣ್ಣಲ್ಲೇ ಗದರುತ್ತಿದ್ದ.

ಇದೇ ಅಪ್ಪ ದನದ ಸಂತೆಯಲ್ಲಿ ಬೇರೆಯೇ ಮನುಷ್ಯ. ಅಲ್ಲಿ ಯಾರ ಎತ್ತಾದರೂ ಸರಿ, ತುಟಿ ಎತ್ತಿ ಹಲ್ಲು ಎಣಿಸುತ್ತಿದ್ದ. ಎರಡಲ್ಲೋ, ನಾಕಲ್ಲೋ, ಬಾಯಿಗೂಡ್ಯಾವೋ? ಸುಳಿ ನೋಡುವುದು, ಗೊರಸು ತಟ್ಟುವುದು, ನಾಲ್ಕು ಹೆಜ್ಜೆ ನಡೆಸುವುದು, ಬಂಡಿಗೆ ಹೂಡಿಸಿ ಎಳೆಸುವುದು. ಇಷ್ಟೆಲ್ಲ ಆದ ಮೇಲೆ ದಲಾಲಿಯ ಜೊತೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಮಾತಾಡಿ, ಕುದುರದಿದ್ದರೆ ಕೈ ಬಿಡಿಸಿಕೊಂಡು ಮುಂದಿನ ಜೋಡಿಯ ಹತ್ತಿರ ಹೋಗುತ್ತಿದ್ದ. "ತಗೊಳ್ಳೋದಿಲ್ಲ ಅಂದ್ರ ಯಾಕ ಮುಟ್ಟಿದಿ?" ಅಂತ ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ನನಗೆ ಬಂದಿದ್ದು ಮಾತ್ರ ಅರಿವೆ ಅಂಗಡಿಯ ಬುದ್ಧಿ. ಬಿಇ ಮುಗಿಸಿ, ಬೆಂಗಳೂರಿಗೆ ಬಂದು, ಹನ್ನೆರಡು ವರ್ಷ ಕೋಡ್ ಬರೆದು, ಕಂಪನಿಯ ಷೇರು ಒಂದಿಷ್ಟು ಕೈಗೆ ಬಂದ ಮೇಲೂ ಸ್ಪೋರ್ಟ್ಸ್ ಕಾರಿನ ಶೋರೂಮಿನ ಗಾಜಿನ ಬಾಗಿಲ ಮುಂದೆ ಕಾಲು ತಡೆಯುತ್ತಿದ್ದವು. ಒಳಗೆ ನಿಂತಿದ್ದ ಬಿಎಂಡಬ್ಲ್ಯೂ ಝಡ್4 ಕಾರನ್ನು ಎಷ್ಟೋ ತಿಂಗಳಿಂದ ರಸ್ತೆಯಿಂದಲೇ ನೋಡುತ್ತಿದ್ದೆ. ಆಸೆ ಇತ್ತು. ಸಾಲದ ಲೆಕ್ಕ ಹಾಕಿದರೆ, ಹಲ್ಲು ಕಚ್ಚಿದರೆ, ಇಎಂಐ ಕೂಡ ಕಟ್ಟಬಹುದಿತ್ತು. ಆದರೆ ಮುಟ್ಟಲು ಧೈರ್ಯ ಇರಲಿಲ್ಲ.

2024ರಲ್ಲಿ ಮೊಮ್ಮಗಳ ಕಿವಿ ಚುಚ್ಚಿಸುವ ಕಾರ್ಯಕ್ಕೆ ಅಪ್ಪ, ಅವ್ವ ಊರಿಂದ ಬಂದಿದ್ದರು. ಒಂದು ಭಾನುವಾರ ಅಪ್ಪನನ್ನು ಕರೆದುಕೊಂಡೇ ಹೋದೆ. ಧೋತರ, ಬಿಳಿ ಅಂಗಿ, ತಲೆಗೆ ಟವೆಲ್ಲು. ಸೇಲ್ಸ್ ಹುಡುಗ ತುಮಕೂರಿನ ಕಡೆಯವನು, ಒಳ್ಳೆಯವನು. ನೀರು ಕೊಟ್ಟು ಕೂರಿಸಿದ. ಆಮೇಲೆ ಫಾರ್ಮು ಹಿಡಿದು ಶುರು ಮಾಡಿದ: ಎಲ್ಲಿ ಕೆಲಸ ಸಾರ್, ಈಗ ಯಾವ ಕಾರು ಇದೆ, ಯಾವಾಗ ತಗೊಳ್ಳೋ ಪ್ಲ್ಯಾನು? ಇವು ಕಾರು ತೋರಿಸುವ ಮೊದಲು ನನ್ನ ಹಲ್ಲು ಎಣಿಸುವ ಪ್ರಶ್ನೆಗಳು ಅಂತ ಗೊತ್ತಾಯಿತು. ಕೆಎ 26, ಅಂದರೆ ಗದಗದ ಲೈಸೆನ್ಸ್ ಕೊಟ್ಟೆ. ಅದರ ನಕಲು ತೆಗೆದುಕೊಂಡ.

ಅಷ್ಟರಲ್ಲಿ ಅಪ್ಪ ಎದ್ದು ಕಾರಿನ ಸುತ್ತ ಒಂದು ಸುತ್ತು ಹಾಕಿದ್ದ. ಕುಕ್ಕರಗಾಲಲ್ಲಿ ಕೂತು ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಕೈ ಅಗಲಿಸಿ ಅಳೆದ. "ಅರ್ಧ ಗೇಣ ಐತಿ. ಎರಿ ಹೊಲದಾಗ ಬ್ಯಾಡ, ನಮ್ಮೂರ ಅಗಸಿ ಮುಂದಿನ ಹಂಪ್ ದಾಟತೈತೇನ ತಮ್ಮಾ?" ಹುಡುಗನಿಗೆ ಸ್ವಲ್ಪ ತಡವಾಗಿ ಅರ್ಥವಾಯಿತು. "ಸ್ಪೋರ್ಟ್ಸ್ ಕಾರ್ ಅಲ್ವಾ ಯಜಮಾನ್ರೇ, ಹಂಗೇ ಇರುತ್ತೆ" ಅಂದ.

ಅಪ್ಪ ಬಿಡಲಿಲ್ಲ. ಮೇವು ಎಷ್ಟು? ಲೀಟರಿಗೆ ಹತ್ತು, ಹನ್ನೆರಡು ಕಿಲೋಮೀಟರ್. ಮಂದಿ ಎಷ್ಟು ಕೂಡತಾರ? ಇಬ್ಬರು. "ನಾವು ಐದ ಮಂದಿ ಅದೀವಲ್ಲಪಾ." ಹೊಳ್ಳಿ ಮಾರಿದ್ರ ಎಷ್ಟು ಬರ್ತೈತಿ? ಈ ಪ್ರಶ್ನೆಗೆ ಹುಡುಗ ನನ್ನ ಮುಖ ನೋಡಿದ. ಆರು ತಿಂಗಳಿಂದ ಯೂಟ್ಯೂಬಿನಲ್ಲಿ ವಿಮರ್ಶೆ ನೋಡಿದ್ದ ನನ್ನ ತಲೆಯಲ್ಲಿ ಈ ನಾಲ್ಕರಲ್ಲಿ ಒಂದೂ ಹೊಳೆದಿರಲಿಲ್ಲ. ಒಬ್ಬ ರೈತ ಶೋರೂಮಿನಲ್ಲೂ ಸಂತೆ ಹೂಡಿದ್ದ. ನನಗೆ ಮೊದಲ ಸಲ ಅಲ್ಲಿ ಉಸಿರು ಸಲೀಸಾಯಿತು.

ಎರಡೇ ಸೀಟು, ಅದರಲ್ಲೊಂದು ಹುಡುಗನಿಗೆ. ಹೀಗಾಗಿ ಅಪ್ಪನನ್ನು ಸೋಫಾದ ಮೇಲೆ ಬಿಟ್ಟು ಹೆಬ್ಬಾಳದ ಕಡೆ ಹೊರಟೆವು. ಸೀಟು ಎಷ್ಟು ತಗ್ಗು ಅಂದರೆ ನೆಲದ ಮೇಲೆ ಚಾಪೆ ಹಾಕಿ ಕೂತಂತೆ. ಗುಂಡಿ ಒತ್ತಿದರೆ ಹತ್ತು ಸೆಕೆಂಡಿನಲ್ಲಿ ಅರಿವೆಯ ಮೇಲ್ಛಾವಣಿ ಮಡಚಿಕೊಂಡು ಹಿಂದೆ ಹೋಯಿತು.

ಇದರ ಎಂಜಿನ್ 3 ಲೀಟರಿನದು, ಆರು ಸಿಲಿಂಡರು, 340 ಹಾರ್ಸ್‌ಪವರ್. ಒಂದು ಜೋಡಿ ಎತ್ತು ಹೆಚ್ಚುಕಡಿಮೆ ಒಂದು ಹಾರ್ಸ್‌ಪವರ್ ಅನ್ನುವುದು ಕೃಷಿ ಎಂಜಿನಿಯರಿಂಗಿನವರ ಒಂದು ಅಂದಾಜು. ಅಂದರೆ ನನ್ನ ಬಲಗಾಲಿನ ಕೆಳಗೆ 340 ಜೋಡಿ. ಟಾರ್ಕ್ 500 ನ್ಯೂಟನ್ ಮೀಟರ್. ಕಾಲೇಜಿನಲ್ಲಿ ಪವರಿಗೂ ಟಾರ್ಕಿಗೂ ಇರುವ ವ್ಯತ್ಯಾಸವನ್ನು ಸೂತ್ರ ಬರೆದು ಕಲಿಸಿದರು. ನಮ್ಮ ಕಡೆ ಅದು ಚಿಕ್ಕ ಹುಡುಗರಿಗೂ ಗೊತ್ತು. ತೆರಬಂಡಿ ಸ್ಪರ್ಧೆಯಲ್ಲಿ ಗಾಲಿ ಉರುಳದಂತೆ ಕಟ್ಟಿದ ಬಂಡಿಯನ್ನು ಎತ್ತುಗಳು ನಿಂತಲ್ಲಿಂದ ಎಳೆಯುತ್ತವಲ್ಲ, ಆ ಮೊದಲ ಜಗ್ಗು ಟಾರ್ಕು. ಕಾರಹುಣ್ಣಿಮೆಗೆ ಕರಿ ಹರಿಯುವಾಗ ಓಟ ಏರುತ್ತಾ ಹೋದಂತೆಲ್ಲ ಕಸುವು ಬಿಡದೆ ಅಗಸಿ ತನಕ ನುಗ್ಗುತ್ತವಲ್ಲ, ಅದು ಪವರು. ಈ ಕಾರಿನಲ್ಲಿ ಎರಡೂ ಇವೆ.

ಮೇಲ್ಸೇತುವೆಯ ಮೇಲೆ ರಸ್ತೆ ಖಾಲಿ ಸಿಕ್ಕ ಒಂದು ಕಡೆ ಹುಡುಗ "ಈಗ ಒತ್ತಿ ಸಾರ್" ಅಂದ. ಒತ್ತಿದೆ. ಬೆನ್ನು ಸೀಟಿಗೆ ಅಂಟಿತು, ಹೊಟ್ಟೆ ಒಂದು ಕ್ಷಣ ಹಿಂದೆಯೇ ಉಳಿಯಿತು, ಹಿಂದಿನಿಂದ ಒಂದು ಗುಟುರು. ಕರಿ ನೋಡಲು ಅಪ್ಪನ ಹೆಗಲ ಮೇಲೆ ಕೂತಿದ್ದಾಗ ಎದೆಯಲ್ಲಿ ಆಗುತ್ತಿದ್ದುದೇ ಇದು ಅನ್ನಿಸಿತು. ಸೊನ್ನೆಯಿಂದ ನೂರಕ್ಕೆ 4.5 ಸೆಕೆಂಡು ಅನ್ನುತ್ತದೆ ಕಂಪನಿ. ನಾನು ಎಂಬತ್ತಕ್ಕೇ ಕಾಲು ತೆಗೆದೆ, ಯಾಕೆಂದರೆ ಅಲ್ಲಿನ ಮಿತಿಯೇ ಅಷ್ಟು. ಮುಂದಿನ ಸಿಗ್ನಲ್ಲಿನಲ್ಲಿ ನಮ್ಮ ಪಕ್ಕ ಬಂದು ನಿಂತಿದ್ದು ಹಾಲಿನ ಕ್ಯಾನು ಹೇರಿದ ಒಂದು ಮೊಪೆಡ್ಡು.

ವಾಪಸು ಬಂದಾಗ ಹುಡುಗ ತಾನಾಗೇ "ಯಜಮಾನ್ರೇ, ಬನ್ನಿ, ಒಂದು ರೌಂಡ್ ಹೋಗೋಣ" ಅಂದ. ಈಗ ಸೋಫಾ ನನ್ನದಾಯಿತು. ಕಾಲು ಗಂಟೆ ಬಿಟ್ಟು ಬಂದ ಅಪ್ಪನ ತಲೆಯ ಟವೆಲ್ಲು ಸೊಂಟಕ್ಕೆ ಇಳಿದಿತ್ತು, ಬಿಳಿ ಕೂದಲು ಎದ್ದು ನಿಂತಿತ್ತು. ಮುಖದ ಮೇಲಿನ ನಗುವನ್ನು ಮುಚ್ಚಿಡಲು ನೋಡುತ್ತಿದ್ದ, ಆಗಲಿಲ್ಲ.

"ಹೆಂಗೈತಿ ಅಪ್ಪಾ?"

"ಎತ್ತ ಖರೇನ ಚೊಲೋ ಐತಿ. ಹೊಲ ಎಲ್ಲೈತಿ?"

ತಮಾಷೆಗೆ ಕೇಳಿದ್ದಲ್ಲ. ಸಂತೆಯಲ್ಲಿ ಅವನು ಯಾವತ್ತೂ ಕೇಳಿಕೊಳ್ಳುತ್ತಿದ್ದ ಕೊನೆಯ ಪ್ರಶ್ನೆ ಅದು. ಎತ್ತು ಚಂದ ಇದ್ದರೆ ಸಾಲದು, ಅದಕ್ಕೆ ತಕ್ಕ ಕೆಲಸ ನಮ್ಮ ಹತ್ತಿರ ಇದೆಯೇ? ರಾತ್ರಿ ಕೂತು ಲೆಕ್ಕ ಹಾಕಿದೆ. ಮನೆಯಿಂದ ಆಫೀಸಿಗೆ 11 ಕಿಲೋಮೀಟರು, 50 ನಿಮಿಷ. ಗಂಟೆಗೆ 13 ಕಿಲೋಮೀಟರಾಯಿತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ನೂರು ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ, ಈ ಕಾರು 250ರ ತನಕ ಓಡುತ್ತದೆ. ಆಗ, 2024ರಲ್ಲಿ, ಬೆಲೆ 90 ಲಕ್ಷದ ಆಸುಪಾಸು ಇತ್ತು. ನಮ್ಮ ರಾಜ್ಯದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಅದೇ 16 ಲಕ್ಷ ಚಿಲ್ಲರೆ. ತೆರಿಗೆಯ ದುಡ್ಡಿಗೇ ಎರಡು ಟ್ರ್ಯಾಕ್ಟರ್ ಬರುತ್ತವೆ ಅಂತ ಅಪ್ಪನಿಗೆ ಹೇಳಲು ಹೋಗಲಿಲ್ಲ.

ಎರಡು ದಿನ ಬಿಟ್ಟು ಆ ಹುಡುಗನಿಗೆ ಫೋನ್ ಮಾಡಿ, ಸದ್ಯಕ್ಕೆ ಬೇಡ ಅಂದೆ. ದಬಾಯಿಸುತ್ತಾನೆ ಅಂದುಕೊಂಡಿದ್ದೆ. ಅವನು "ಪರವಾಗಿಲ್ಲ ಸಾರ್, ಯಜಮಾನ್ರು ಊರಿಗೆ ಹೋದ್ರಾ?" ಅಂತ ಕೇಳಿದ.

ಇದನ್ನು ಓದುತ್ತಿರುವವರಲ್ಲಿ ನನ್ನ ಹಾಗೆ ಗಾಜಿನ ಬಾಗಿಲ ಮುಂದೆ ನಿಲ್ಲುವವರು ಇದ್ದೇ ಇರುತ್ತೀರಿ. ಕಾರೇ ಆಗಬೇಕಂತಿಲ್ಲ, ಫ್ಲ್ಯಾಟು, ವಿಮೆ, ಮಗುವಿನ ಸ್ಕೂಲು, ಯಾವುದೂ ಆಗಬಹುದು. ಒಳಗೆ ಹೋಗಿ. ಮುಟ್ಟಿ ನೋಡಿ. ಹಲ್ಲು ಎಣಿಸಿ. ಬೇಡ ಅನ್ನಿಸಿದರೆ ಕೈ ಬಿಡಿಸಿಕೊಂಡು ಬನ್ನಿ, ಅದರಲ್ಲಿ ಅವಮಾನ ಏನೂ ಇಲ್ಲ. ನಮ್ಮ ಅಪ್ಪಂದಿರು ಸಂತೆಯಲ್ಲಿ ಮಾಡುತ್ತಿದ್ದುದು ಇದನ್ನೇ. ಓದಿದ ನಾವು ಮರೆತಿದ್ದೇವೆ, ಅಷ್ಟೇ.

ಇನ್ನು ಹೊಲದ ವಿಷಯ. ಹುಡುಕಿದೆ, ಸಿಕ್ಕಿತು. ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳ್ಯದಲ್ಲಿ 2.1 ಕಿಲೋಮೀಟರಿನ ರೇಸ್ ಟ್ರ್ಯಾಕ್ ಇದೆ. ಎಸ್. ಕರಿವರ್ಧನ್ ಎಂಬ ರೇಸರ್ ನೆನಪಿಗೆ ಅದಕ್ಕೆ ಕರಿ ಮೋಟಾರ್ ಸ್ಪೀಡ್‌ವೇ ಅಂತ ಹೆಸರು. ಅಲ್ಲಿ ರೇಸಿಂಗ್ ತರಬೇತಿ ಕೊಡುವವರು ತಮ್ಮದೇ ಗಾಡಿ ಕೊಟ್ಟು ಓಡಿಸಲು ಕಲಿಸುತ್ತಾರೆ. ಫಾರ್ಮುಲಾ ಎಲ್‌ಜಿಬಿ ಅನ್ನುವ ಒಂದೇ ಸೀಟಿನ ರೇಸ್ ಗಾಡಿಗಳಲ್ಲಿರುವುದು ನಮ್ಮ ಮಾರುತಿ ಸ್ವಿಫ್ಟಿನ ಎಂಜಿನ್ನೇ. ಎರಡು ದಿನದ ರಜೆ ಹಾಕಿ ಅಪ್ಪನಿಗೆ ಫೋನ್ ಮಾಡಿದೆ. ಹಿಂಗ ಹಿಂಗ, ವೇಗದಾಗ ಓಡಸಾಕಂತ ಒಂದು ಜಾಗ ಐತಿ, ಹೆಸರು ಕರಿ ಅಂತ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದ: "ಅಲ್ಲೂ ಬೇವಿನ ತಪ್ಪಲಾ ಕಟ್ಟತಾರೇನು?"