ಮಳೆಗೆ ಮೊದಲು ಒಂದು ಕೌದಿ

ವಸಂತ ಹೇಗಿರುತ್ತದೆಂದು ಕವಿಗಳನ್ನು ಕೇಳಿದರೆ ಕೋಗಿಲೆ, ಮಾವಿನ ಚಿಗುರು, ಮಂದಮಾರುತ ಎಂದೆಲ್ಲ ಶುರುಮಾಡುತ್ತಾರೆ. ಉತ್ತರ ಕನ್ನಡದ ಕರಾವಳಿಯಲ್ಲಿ ಯಾವ ಮನೆಯ ಹೆಂಗಸನ್ನಾದರೂ ಕೇಳಿ ನೋಡಿ, "ಒಣಗಿಸುವ ಕಾಲ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಹೋಳಿ ಕಳೆದು ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ತುರಾಯಿಗಳು ತಲೆಯಿಂದ ಇಳಿದವೋ ಇಲ್ಲವೋ, ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದು ಕಡೆ ಹಲಸಿನ ಹಪ್ಪಳ, ಅದರ ಪಕ್ಕ ಮುರುಗಲು ಸಿಪ್ಪೆ, ಆಚೆ ಮೂಲೆಯಲ್ಲಿ ಮೆಣಸು, ಇನ್ನೊಂದು ಕಡೆ ಕಟ್ಟಿಗೆ. ಕಡಲಂಚಿನ ಕೇರಿಗೆ ಹೋದರೆ ಮರಳಿನ ಮೇಲೆ ಒಣಮೀನು, ಶೆಟ್ಲಿ, ತಾರ್ಲೆ. ಅದನ್ನು ಕಾಯಲು ಒಬ್ಬಳು ಅಜ್ಜಿ, ಅಜ್ಜಿಯ ಕೈಯಲ್ಲಿ ಒಂದು ಕೋಲು, ಕೋಲಿಗೆ ಸ್ವಲ್ಪವೂ ಹೆದರದ ನಾಲ್ಕಾರು ಕಾಗೆ.

ಪೇಟೆಯಿಂದ ಬಂದವರು ಇದನ್ನು ನೋಡಿ "ಎಷ್ಟು ನೆಮ್ಮದಿಯ ಬದುಕು ನಿಮ್ಮದು" ಎನ್ನುತ್ತಾರೆ. ನೆಮ್ಮದಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಆ ನೆಮ್ಮದಿಯ ಬೆನ್ನ ಹಿಂದೆ ಮಳೆ ನಿಂತಿರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ನೆಲ ಇದು. ಜೂನಿನಲ್ಲಿ ಹಿಡಿದ ಮಳೆ ಗಣೇಶ ಚೌತಿಗೂ ಬಿಡುವುದು ಅನುಮಾನ. ಆಮೇಲೆ ಒಂದು ಕರವಸ್ತ್ರ ಒಣಗಬೇಕಾದರೂ ಒಲೆಯ ಮೇಲೆಯೇ ನೇತುಹಾಕಬೇಕು. ಹಾಗಾಗಿ ಇಲ್ಲಿಯ ಚೈತ್ರ ವೈಶಾಖಗಳೆಂದರೆ ನಿಧಾನವಾಗಿ ಮಾಡುವ ಅವಸರದ ಕೆಲಸಗಳು.

ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರಕ್ಕೆ ಈ ದಿನಗಳಲ್ಲಿ ಒಮ್ಮೆ ಹೋಗಬೇಕು. ಭರತದ ಹೊತ್ತಿಗೆ ಹಿನ್ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಗದ್ದೆಯಿಂದ ಇನ್ನೊಂದಕ್ಕೆ ಹರಿಸುತ್ತ, ಬಿಸಿಲಿಗೆ ಗಟ್ಟಿಯಾಗಿಸುತ್ತ, ಕೊನೆಯ ಮಡಿಯಲ್ಲಿ ಹರಳುಗಟ್ಟಿದ್ದನ್ನು ಎಳೆದು ರಾಶಿ ಹಾಕುತ್ತಾರೆ. ನೋಡುವವನಿಗೆ ಅಲ್ಲೇನೂ ನಡೆಯುತ್ತಿಲ್ಲ ಅನಿಸುತ್ತದೆ. ನೀರು ನಿಂತಿದೆ, ಬಿಸಿಲು ಬಿದ್ದಿದೆ, ಅಷ್ಟೇ. ಆದರೆ ಮೊದಲ ಮಳೆ ಒಂದು ದಿನ ಮುಂಚೆ ಬಂದರೆ ಮಡಿಯಲ್ಲಿದ್ದ ಉಪ್ಪು ಮತ್ತೆ ನೀರು. ಈ ಹಿನ್ನೀರಿನ ಅಘನಾಶಿನಿ ನದಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಜೌಗುಭೂಮಿಯ ಪಟ್ಟ ಸಿಕ್ಕಿತು. ಪತ್ರಿಕೆಯಲ್ಲಿ ದೊಡ್ಡ ಸುದ್ದಿಯಾಯಿತು. ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚು ಚಿಪ್ಪು ಆರಿಸುವವರು ಮಾತ್ರ ಮರುದಿನವೂ ಅದೇ ಹೊತ್ತಿಗೆ ಅಲ್ಲೇ ಇಳಿದರು. ನದಿಗೆ ಬಿರುದು ಬಂದರೂ ಬಳಚು ತಾನಾಗಿ ಬುಟ್ಟಿಗೆ ಬರುವುದಿಲ್ಲವಲ್ಲ.

ಹೇಳಹೊರಟದ್ದು ಕೌದಿಯ ವಿಷಯ, ಉಪ್ಪಿಗೆ ಹೋಗಿ ಬಿದ್ದೆ. ಆದರೆ ನಮ್ಮ ಕಡೆ ಕೌದಿಗೂ ಉಪ್ಪಿಗೂ ಪಂಚಾಂಗ ಒಂದೇ. ಎರಡಕ್ಕೂ ಬಿಸಿಲು ಬೇಕು, ಎರಡೂ ಮಳೆಗೆ ಮೊದಲು ಒಳಗೆ ಸೇರಬೇಕು. ಇನ್ನೊಂದು ನಂಟೂ ಇದೆ. ದೀಪ ಹಚ್ಚಿದ ಮೇಲೆ ಯಾರಿಗೂ ಉಪ್ಪು ಕೊಡಬಾರದು, ಸೂಜಿಯನ್ನೂ ಕೊಡಬಾರದು. ಅಂಗಡಿಯವರೂ ಕೊಡುತ್ತಿರಲಿಲ್ಲ. ಲಕ್ಷ್ಮಿ ಹೊರಟುಹೋಗುತ್ತಾಳಂತೆ. ಬುಡ್ಡಿ ದೀಪದ ಬೆಳಕಿನಲ್ಲಿ ಸೂಜಿ ಕೈತಪ್ಪಿ ಬಿದ್ದರೆ ಮರುದಿನ ಯಾರ ಕಾಲಿಗಾದರೂ ಸಿಗುವುದು ಖಂಡಿತ ಎಂದು ಬಲ್ಲ ಯಾರೋ ಜಾಣೆ ಲಕ್ಷ್ಮಿಯನ್ನು ನಡುವೆ ತಂದಿರಬೇಕು.

ನಮ್ಮ ಮನೆಯಲ್ಲಿ ಈ ಕೆಲಸ ಅತ್ತಿಗೆಯದು. ಯುಗಾದಿ ಕಳೆದ ಮೇಲೆ ಒಂದು ದಿನ ಅಟ್ಟದಿಂದ ಗಂಟು ಇಳಿಯುತ್ತದೆ. ಅದರೊಳಗೆ ವರ್ಷವಿಡೀ ಕೂಡಿಟ್ಟದ್ದು: ಅಂಚು ಹರಿದ ಸೀರೆ, ಮಡಿಕೆಯಲ್ಲೇ ಸೀಳಿದ ಪಂಚೆ, ಮಂಡಿ ಹೋದ ಪೈಜಾಮ, ಲುಂಗಿ, ತೋಳಿಲ್ಲದ ಅಂಗಿ. ಎಲ್ಲವನ್ನೂ ಕುದಿಯುವ ನೀರಿನಲ್ಲಿ ಹಾಕಿ ಒಗೆದು ಎರಡು ದಿನ ಗರಿಗರಿ ಒಣಗಿಸಬೇಕು. ಕಡಲ ಗಾಳಿ ಕುಡಿದ ಬಟ್ಟೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಜಿಗಿಜಿಗಿ. ಹಾಗೇ ಹೊಲಿದರೆ ಶ್ರಾವಣದ ಹೊತ್ತಿಗೆ ಕೌದಿಗೆ ಬೂಸಲು. ಆಮೇಲೆ ಜಗುಲಿ ಸಾರಿಸಿ, ಎಲ್ಲಕ್ಕಿಂತ ಗಟ್ಟಿಯಿರುವ ಸೀರೆಯನ್ನು ಮಡಚಿ ಕೆಳಗೆ ಹಾಸುತ್ತಾಳೆ. ನಾಲ್ಕು ಮೂಲೆಗೂ ಮಣೆ, ಕಲ್ಲು, ಕೈಗೆ ಸಿಕ್ಕಿದ ಭಾರ. ಅದರ ಮೇಲೆ ಹರಕು ಪಂಚೆಗಳ ಪದರ, ಅದರ ಮೇಲೆ ಬಣ್ಣದ ತುಂಡುಗಳು. ಉದ್ದುದ್ದ ಟಾಕು ಹಾಕಿ ಪದರಗಳು ಸರಿಯದಂತೆ ಹಿಡಿದಿಟ್ಟ ಮೇಲೆಯೇ ನಿಜವಾದ ಹೊಲಿಗೆ. ಬೆರಳಗಲಕ್ಕೊಂದು ಸಾಲು, ಅಂಚಿನಿಂದ ಒಳಕ್ಕೆ.

ಆ ಹೊಲಿಗೆಯನ್ನು ಹತ್ತಿರ ಕೂತು ನೋಡಬೇಕು. ಬಲಗೈ ಸೂಜಿಯನ್ನು ಮೇಲಿನಿಂದ ಚುಚ್ಚುತ್ತದೆ. ಎಡಗೈ ಕೌದಿಯ ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ. ಸೂಜಿಯ ಮೊನೆ ಅಷ್ಟೂ ಪದರ ದಾಟಿ ಕೆಳಗಿನ ಬೆರಳಿಗೆ ತಾಗಿದ್ದೇ ತಡ, ಆ ಬೆರಳು ಅದನ್ನು ಮೇಲಕ್ಕೆ ತಿರುಗಿಸುತ್ತದೆ. ಮೂರು ನಾಲ್ಕು ಹೊಲಿಗೆ ಸೂಜಿಯ ಮೇಲೆ ಕೂತ ಮೇಲೆ ಒಂದು ಎಳೆತ. ಅತ್ತಿಗೆಯ ಎಡಗೈ ತೋರುಬೆರಳ ತುದಿಯಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿವೆ, ಅಲ್ಲಿಯ ಚರ್ಮ ದಪ್ಪಗಟ್ಟಿದೆ. ದಾರ ಒಂದು ತೋಳಿಗಿಂತ ಉದ್ದ ತೆಗೆಯುವಂತಿಲ್ಲ, ಸಿಕ್ಕಾಗುತ್ತದೆ. ಸೂಜಿ ಬಿಗಿಯಾದಾಗಲೆಲ್ಲ ಎಣ್ಣೆ ಹಚ್ಚಿದ ತಲೆಗೂದಲಲ್ಲಿ ಒಮ್ಮೆ ಆಡಿಸುತ್ತಾಳೆ. ಕಡಲಿನ ಉಪ್ಪುಗಾಳಿಗೆ ಸೂಜಿ ಎರಡು ದಿನದಲ್ಲಿ ತುಕ್ಕು ಹಿಡಿಯುತ್ತದೆ. ಅದಕ್ಕೆ ನಮ್ಮ ಊರಲ್ಲಿ ಕೊಬ್ಬರಿ ಎಣ್ಣೆಗಿಂತ ದೊಡ್ಡ ಮದ್ದು ಇಲ್ಲ.

"ಈ ಮೂಲೆ ಯಾವಾಗ ಮುಗಿಯುತ್ತದೆ ಅತ್ತಿಗೆ?" ಎಂದು ಕೇಳಿದರೆ ತಲೆ ಎತ್ತದೆ ಹೇಳುತ್ತಾಳೆ: "ಎಂತಾ ಗಡಿಬಿಡಿ ತಮಾ? ಮಳೆ ಹಿಡಿಯಲಿಕ್ಕೆ ಇನ್ನೂ ತಿಂಗಳಿದೆ. ಸುಮ್ಮನೆ ಕೂರುವವರು ಆ ಕಡೆಯ ಅಂಚಾದರೂ ಹಿಡಿದುಕೊಳ್ಳಿ." ಅಂಚು ಹಿಡಿದು ಕೂರುವುದು ನನ್ನ ಪಾಲಿನ ಕಲೆ. ಹೊಲಿಯಲು ಬಾರದವನಿಗೆ ಕೌದಿಯ ಸುತ್ತ ಕೂರುವ ಹಕ್ಕು ಸಿಗುವುದು ಇದರಿಂದಲೇ. ಕೂತರೆ ಊರಿನ ಇಡೀ ಸುದ್ದಿ ಕಿವಿಗೆ ಬೀಳುತ್ತದೆ. ತದಡಿಯ ತಾರಿಯಲ್ಲಿ ಯಾರು ಯಾರ ಜೊತೆ ದಾಟಿದರು, ಮುಂಬೈಯಿಂದ ರಜೆಗೆ ಬಂದ ಸೊಸೆ ಏಕೆ ನಾಲ್ಕೇ ದಿನಕ್ಕೆ ಹೊರಟಳು, ಕರಿ ಈಶಾಡಿ ಮಾವಿಗೆ ಈ ಸಲ ಅಂಕೋಲೆಯ ಸಂತೆಯಲ್ಲಿ ಎಷ್ಟು ದರ. ನಡುವೆ ತುಂಡುಗಳ ಚರಿತ್ರೆ. ಈ ಹಸಿರು ದೊಡ್ಡತ್ತೆಯದು, ತಿರುಪತಿಗೆ ಹೋದಾಗ ಉಟ್ಟದ್ದು. ಈ ನೀಲಿ ಚೌಕುಳಿ ಭಾವನ ಲುಂಗಿ, ದೋಣಿ ಎಳೆಯುವಾಗ ಹರಿದದ್ದು. ಸತ್ತವರೂ ಇದ್ದವರೂ ಒಂದೇ ಸಾಲಿನಲ್ಲಿ ಹೊಲಿಗೆಗೆ ಸಿಕ್ಕುತ್ತಾರೆ.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ಕೌದಿ ಹೊಲಿಯುವ ಮನೆಯಲ್ಲಂತೂ ಹುಟ್ಟಿದ್ದಲ್ಲ. ಇಲ್ಲಿ ಕಾಲು ಚಾಚಿದಷ್ಟು ಹಾಸಿಗೆ. ಅಳತೆಪಟ್ಟಿ ಯಾರೂ ತರುವುದಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಉದ್ದ ಇರುವವನನ್ನು ಹಾಸಿದ ಸೀರೆಯ ಮೇಲೆ ಮಲಗಿಸಿ, ಕಾಲ ತುದಿಯಾಚೆ ಒಂದು ಮೊಳ ಬಿಟ್ಟರೆ ಮುಗಿಯಿತು. ಮಲಗಿದವನು ಹಾಗೇ ನಿದ್ದೆ ಹೋದರೆ ಅದು ಒಳ್ಳೆಯ ಶಕುನ.

ಅಂಚು ಹಿಡಿದು ಕೂತವನ ಕಣ್ಣು ಕಡಲ ಕಡೆ ಹೋಗುತ್ತದೆ. ಸುಮ್ಮನಿರುವ ಕಡಲನ್ನು ನೋಡಿ ಬರೆಯುವವರಿಗೆ ಹುಮ್ಮಸ್ಸು ಬರುವುದು ಹೊಸತಲ್ಲ. ರವೀಂದ್ರನಾಥ ಟ್ಯಾಗೋರರು 1880ರ ದಶಕದ ಆರಂಭದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ, ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರು. 'ಪ್ರಕೃತಿರ್ ಪ್ರತಿಶೋಧ' ಎಂಬ ನಾಟಕವನ್ನು ಬರೆದದ್ದು ಅಲ್ಲಿಯೇ. ಅದರ ನಾಯಕ ಒಬ್ಬ ಸನ್ಯಾಸಿ. ಲೋಕವನ್ನು ತೊರೆದು ಹೊರಟವನನ್ನು ಒಬ್ಬಳು ಪುಟ್ಟ ಹುಡುಗಿ ಮತ್ತೆ ಲೋಕಕ್ಕೆ ಎಳೆದು ತರುತ್ತಾಳೆ. ನನಗನಿಸುವುದು, ಸನ್ಯಾಸಿಯ ಹೆಗಲ ಮೇಲಿನ ಕಂಥೆಯೂ ಬೀದಿಯ ಚಿಂದಿ ಆಯ್ದು ಹೊಲಿದ ಕೌದಿಯೇ ಅಲ್ಲವೇ? ಎಲ್ಲ ಬಿಟ್ಟವನೂ ಇದೊಂದನ್ನು ಬಿಡಲಿಲ್ಲ. ನಮ್ಮ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರೇ ಇದ್ದರು. ಹನ್ನೆರಡನೆಯ ಶತಮಾನದಲ್ಲಿ ಸೂಜಿ ಹಿಡಿದವರಿಗೂ ಅನುಭವ ಮಂಟಪದಲ್ಲಿ ಜಾಗವಿತ್ತು. ಈಗಿನ ಸಾಹಿತ್ಯ ಸಮ್ಮೇಳನದಲ್ಲಿ ಶಾಮಿಯಾನ ಹೊಲಿದವನಿಗೆ ಊಟದ ಕೂಪನ್ನಾದರೂ ಸಿಗುತ್ತದೋ ಇಲ್ಲವೋ.

ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಹೋದರೆ ಕೌದಿಯ ನಿಜವಾದ ಪಂಡಿತರು ಸಿಗುತ್ತಾರೆ. ಸಿದ್ದಿ ಹೆಂಗಸರು. ಆಫ್ರಿಕಾದಿಂದ ಶತಮಾನಗಳ ಹಿಂದೆ ಬಂದವರ ವಂಶಸ್ಥರು, ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರು ಅವರಲ್ಲಿದ್ದಾರೆ. ಅವರ 'ಕವಂದಿ' ಮೂಲೆಯಿಂದ ಶುರುವಾಗಿ ಅಂಚಿನಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ತುಂಡುಗಳನ್ನು ಮೊದಲೇ ಕತ್ತರಿಸಿ ಜೋಡಿಸಿಟ್ಟುಕೊಳ್ಳುವ ಪದ್ಧತಿಯಿಲ್ಲ. ಹೊಲಿಗೆ ಮುಂದೆ ಹೋದಂತೆ ಗಂಟಿನಿಂದ ಕೈಗೆ ಬಂದದ್ದನ್ನು ಮಡಚಿ ಕೂರಿಸುವುದು. ಕೆಲವರ ಕವಂದಿಯಲ್ಲಿ ಶಿಲುಬೆ, ಕೆಲವರದರಲ್ಲಿ ಅರ್ಧಚಂದ್ರ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಒಂದೊಂದು 'ಫುಲ', ಅಂದರೆ ಹೂವು, ಇಡಲೇಬೇಕು. ಹೂವಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಬತ್ತಲೆ. 2004ರಲ್ಲಿ ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರ ನೆರವಿನಿಂದ ಈ ಹೆಂಗಸರು ಕೌದಿಗಾಗಿಯೇ ಒಂದು ಸಹಕಾರಿ ಗುಂಪು ಕಟ್ಟಿಕೊಂಡರು. ಹರಕಿನಿಂದ ಕೌದಿ ಹೊಲಿಯುವವರು ಕಡಲಾಚೆಯೂ ಇದ್ದಾರೆ. ಅಮೆರಿಕದ ಅಲಬಾಮಾದಲ್ಲಿ, ನದಿಯೊಂದರ ತಿರುವಿನಲ್ಲಿ, ಗೀಸ್ ಬೆಂಡ್ ಎಂಬ ಊರಿದೆ. ಅಲ್ಲಿಯ ಕರಿಯ ಹೆಂಗಸರು ಹೊಲದಲ್ಲಿ ತೊಟ್ಟು ಸವೆದ ಪ್ಯಾಂಟು ಅಂಗಿಗಳಿಂದ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ ವಸ್ತುಸಂಗ್ರಹಾಲಯದ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯನ್ನೂ ಏರಿದವು.

ಗೋಡೆ ಏರಿದ್ದು ಸಂತೋಷವೇ. ಹೊಲಿದವಳಿಗೆ ನಾಲ್ಕು ಕಾಸು ಬಂದರೆ ಇನ್ನೂ ಸಂತೋಷ. ಆದರೂ ಗಾಜಿನ ಹಿಂದೆ ನೇತುಬಿದ್ದ ಕೌದಿಯನ್ನು ಕಂಡರೆ ನನಗೆ ಚಡಪಡಿಕೆ. ಅದರ ಮೇಲೆ ಮಗು ಉಚ್ಚೆ ಹೊಯ್ಯಬೇಕು, ಬೆಕ್ಕು ಮರಿ ಹಾಕಬೇಕು, ಆಷಾಢದ ರಾತ್ರಿ ಇಬ್ಬರು ಅದಕ್ಕಾಗಿ ಜಗಳವಾಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧ. ಆ 61 ದಿನ ಗಂಡಸರೆಲ್ಲ ಮನೆಯಲ್ಲೇ, ಹೊರಗೆ ಜಡಿಮಳೆ. ಕೌದಿಗೆ ಮೈತುಂಬ ಕೆಲಸವಿರುವುದು ಆಗ. ನಮ್ಮ ಕಡೆ ಕೊರೆಯುವ ಚಳಿಯೇನಿಲ್ಲ, ಇರುವುದು ಥಂಡಿ. ಕಂಬಳಿ ಹೊದ್ದರೆ ಸೆಕೆ, ತೆಗೆದರೆ ಮೈ ಜುಮ್ಮೆನ್ನುತ್ತದೆ. ಪದರಗಳ ನಡುವೆ ಸ್ವಲ್ಪವೇ ಗಾಳಿ ಹಿಡಿದಿಟ್ಟು ಬೆವರನ್ನೂ ಹೀರಿಕೊಳ್ಳುವ ಹಳೆ ಹತ್ತಿಯಷ್ಟು ಈ ಥಂಡಿಗೆ ಒಗ್ಗುವ ವಸ್ತು ನಾನು ಕಂಡಿಲ್ಲ. ಒಂದೇ ತೊಂದರೆ, ಮಳೆಗಾಲದಲ್ಲಿ ಒಗೆಯುವಂತಿಲ್ಲ. ನೀರು ಕುಡಿದ ಕೌದಿಯನ್ನು ಹಿಂಡಲು ಇಬ್ಬರು ಗಟ್ಟಿಗರು ಬೇಕು, ಒಣಗಿಸಲು ದಸರಾ ಬರಬೇಕು.

ಇತ್ತೀಚೆಗೆ ಪೇಟೆಯಲ್ಲಿ ಕೌದಿ ಹೊಲಿಯುವ ಶಿಬಿರಗಳಾಗುತ್ತಿವೆ. ಮೀಟರಿಗೆ ಇಂತಿಷ್ಟೆಂದು ಹೊಸ ಬಟ್ಟೆ ಕೊಂಡು, ಅದನ್ನು ಚೌಕ ಚೌಕ ಕತ್ತರಿಸಿ, ಮತ್ತೆ ಜೋಡಿಸುತ್ತಾರಂತೆ. ಅತ್ತಿಗೆಗೆ ಹೇಳಿದಾಗ ಅವಳು ಸೂಜಿ ನಿಲ್ಲಿಸಿ ಕೇಳಿದಳು: "ಸಮ ಇದ್ದ ಬಟ್ಟೆ ಹರಿಯುವುದು ಎಂತಕ್ಕೆ?" ನನ್ನಲ್ಲಿ ಉತ್ತರವಿರಲಿಲ್ಲ. ಹೊಸ ಬಟ್ಟೆಯಲ್ಲಿ ಗಂಜಿಯ ಬಿರುಸಿರುತ್ತದೆ, ಸೂಜಿ ದಾಟುವುದಿಲ್ಲ. ಮೊದಲ ಒಗೆತಕ್ಕೆ ಒಂದು ತುಂಡು ಕುಗ್ಗುತ್ತದೆ, ಇನ್ನೊಂದು ಬಣ್ಣ ಬಿಡುತ್ತದೆ. ಹತ್ತು ವರ್ಷ ಉಟ್ಟು ಒಗೆದ ಸೀರೆ ಕುಗ್ಗುವುದನ್ನೆಲ್ಲ ಕುಗ್ಗಿ, ಬಿಡುವ ಬಣ್ಣವನ್ನೆಲ್ಲ ಬಿಟ್ಟು ಹದಕ್ಕೆ ಬಂದಿರುತ್ತದೆ. ಹುಟ್ಟಿದ ಕೂಸನ್ನು ಮೊದಲು ಹಳೆ ಬಟ್ಟೆಯಲ್ಲೇ ಸುತ್ತಬೇಕೆನ್ನುವುದೂ ಇದಕ್ಕೇ. ಕೌದಿಗೆ ಬೇಕಾದದ್ದು ಸವೆತ, ಅದು ಯಾವ ಅಂಗಡಿಯಲ್ಲೂ ಮೀಟರಿನ ಲೆಕ್ಕದಲ್ಲಿ ಸಿಗುವುದಿಲ್ಲ.

ಈಗ ಅತ್ತಿಗೆಯ ಚಿಂತೆ ಬೇರೆ. ಗಂಟು ಬಿಚ್ಚಿದರೆ ಮುಕ್ಕಾಲು ಪಾಲು ಪಾಲಿಯೆಸ್ಟರ್. ಅದು ಹರಿಯುವುದೂ ಇಲ್ಲ, ಸವೆಯುವುದೂ ಇಲ್ಲ, ಪದರದೊಳಗೆ ಕೂರದೆ ಜಾರುತ್ತದೆ. ಹೊದ್ದರೆ ಬೆವರು ಹೀರುವುದಿಲ್ಲ. ಒಲೆಯ ಕಿಡಿ ತಾಗಿದರೆ ಹತ್ತಿ ಸುಡುತ್ತದೆ, ಇದು ಕರಗಿ ಮೈಗೆ ಅಂಟುತ್ತದೆ. ಮೀನುಗಾರರ ಲುಂಗಿಯೂ ಈಗ ಅರ್ಧ ಪಾಲಿಯೆಸ್ಟರ್. ಉಳಿದ ಒಂದೆರಡು ಹತ್ತಿ ಸೀರೆಗಳನ್ನು ಜನ ಹಳೆ ಬಟ್ಟೆಗೆ ಪಾತ್ರೆ ಕೊಡುವವಳ ಬುಟ್ಟಿಗೆ ಹಾಕುತ್ತಾರೆ. ಆರು ಸೀರೆಗೆ ಒಂದು ಸ್ಟೀಲ್ ಡಬ್ಬಿ, ಅದರ ಮುಚ್ಚಳವೂ ಸರಿಯಾಗಿ ಕೂರುವುದಿಲ್ಲ. ಅತ್ತಿಗೆ ಅದೇ ಪಾತ್ರೆಯವಳನ್ನು ದಾರಿಯಲ್ಲಿ ನಿಲ್ಲಿಸಿ, ಚಹಾ ಕೊಟ್ಟು, ಗಂಟಿನಿಂದ ಹತ್ತಿಯದನ್ನು ಮಾತ್ರ ಆರಿಸಿ ಕೊಂಡುಕೊಳ್ಳುತ್ತಾಳೆ. ಆ ವ್ಯಾಪಾರದಲ್ಲಿ ನಮ್ಮ ಮನೆಯ ಸ್ಟೀಲ್ ಡಬ್ಬಿಗಳು ಒಂದೊಂದಾಗಿ ಹಿಂದಕ್ಕೆ ಹೋಗುತ್ತಿವೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಈ ಬೇಸಿಗೆಯಲ್ಲಿ ಕಪಾಟು ಖಾಲಿ ಮಾಡುವಾಗ ಅಜ್ಜಿಯ ಕಾಲದ ಹತ್ತಿ ಸೀರೆಯೋ, ಅಪ್ಪನ ಪಂಚೆಯೋ ಕೈಗೆ ಸಿಕ್ಕರೆ ಪಾತ್ರೆಯವಳನ್ನು ಕೂಗಬೇಡಿ. ಹೊಲಿಯಲು ಬಂದರೆ ನೀವೇ ಕೂತು ಹೊಲಿಯಿರಿ, ಬಾರದಿದ್ದರೆ ಊರಲ್ಲಿ ಸೂಜಿ ಹಿಡಿಯಬಲ್ಲ ಕೈ ಹುಡುಕಿ, ಕೂಲಿ ಕೊಟ್ಟು ಹೊಲಿಸಿ. ಅಂಚು ಹಿಡಿದು ಕೂರಲು ಮಾತ್ರ ಮರೆಯಬೇಡಿ. ಮೇ ಮುಗಿಯುವುದರೊಳಗೆ ಆಗಬೇಕು.